ಅಮೆರಿಕದ ನಗೆಪೆಟ್ಟಿಗೆ, ಮಾನ್ವಿಯ ಮೈಕು

ಮಾನ್ವಿಯ ಒಂದು ಕಲ್ಯಾಣ ಮಂಟಪದಲ್ಲಿ ನನ್ನ ಅಕ್ಕ ಮೈಕಿನ ಮುಂದೆ ನಿಂತು ಮಾತಾಡುವಾಗ ಮೈಕಿನವನಾದ ನಾನು ಅದರ ದನಿ ಏರಿಸಬೇಕಾಗಿತ್ತು. ಏರಿಸಲಿಲ್ಲ. ಇಳಿಸಿದೆ. ಒಮ್ಮೆಗೇ ಇಳಿಸಿದ್ದರೆ ಕರೆಂಟ್ ಹೋಯಿತೆಂದೋ ವೈರು ಬಿಟ್ಟಿತೆಂದೋ ಜನ ತಿಳಿಯುತ್ತಿದ್ದರು. ಸ್ವಲ್ಪ ಸ್ವಲ್ಪವಾಗಿ, ಯಾರಿಗೂ ಗೊತ್ತಾಗದ ಹಾಗೆ ಇಳಿಸಿದೆ. ಹಾಗಾಗಿ ಅಲ್ಲಿದ್ದವರೆಲ್ಲ, ಅಕ್ಕನೂ ಸೇರಿ, ಅವಳ ದನಿಯೇ ಸೋತಿತು ಎಂದುಕೊಂಡರು. ಎಂಟು ವರ್ಷ ಅವಳು ಹಾಗೆಯೇ ನಂಬಿದ್ದಳು. ಎಂಟು ವರ್ಷ ನಾನು ಬಾಯಿ ಬಿಡಲಿಲ್ಲ.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬರೆಯುವುದು ರೂಢಿಯಿಲ್ಲ. ದೇವದುರ್ಗದಲ್ಲಿ ಮೈಕ್ ಸೆಟ್ಟಿನ ಅಂಗಡಿ ಇಟ್ಟಿದ್ದೇನೆ. ಮದುವೆ, ಬಸುರಿಯರ ಕುಬುಸ, ಸಭೆ, ಶಾಲೆಯ ಗ್ಯಾದರಿಂಗ್, ಎಲ್ಲಿ ನಾಲ್ಕು ಜನ ಸೇರಿ ಒಬ್ಬರ ಮಾತು ಕೇಳಬೇಕೋ ಅಲ್ಲಿ ನನ್ನ ಹಾರನ್ ಸ್ಪೀಕರುಗಳು ಇರುತ್ತವೆ. ಈ ಕೆಲಸ ಕಲಿಸಿದವರು ನಮ್ಮ ಉಸ್ತಾದರು. ಅವರು ನನಗೆ ಮೊದಲ ದಿನವೇ ಒಂದು ಮಾತು ಹೇಳಿದ್ದರು.

"ಬೇಟಾ, ಸ್ಟೇಜ್ ನೋಡಬ್ಯಾಡ. ಮುಂದಿನ ಲೈನ್ ನೋಡು. ಅಲ್ಲಿ ಕುಂತ ದೊಡ್ಡಾವರು ಯಾರರ ನಿನ್ನ ಕಡಿ ಹೊಳ್ಳಿ ನೋಡಿದ್ರಂದ್ರ, ಆವಾಜ್ ಜಾಸ್ತಿ ಆಗ್ಯಾದ ಅಂತ ತಿಳ್ಕೊ. ಅವರು ಬಾಯಿ ಬಿಡೋದರೊಳಗ ಇಳಿಸಿಬಿಡು."

ನಮ್ಮ ಕಡೆ ಮೈಕಿನವರೆಲ್ಲ ಹೀಗೆಯೇ ಕೆಲಸ ಮಾಡುತ್ತಾರೆ. ಮುಂದಿನ ಸಾಲಿನಲ್ಲಿ ಕೂರುವವರೇ ನಾಳೆ ತಮ್ಮ ಮನೆಯ ಮದುವೆಗೆ ನಮ್ಮನ್ನು ಕರೆಸುವವರು. ನಾನು ಮಂಟಪಕ್ಕೆ ಹೋದರೆ ಭಾಷಣ ಮಾಡುವವರ ಮುಖ ನೋಡುವುದಿಲ್ಲ. ಸಾಲಾಗಿ ಕುಂತ ರುಮಾಲು, ಟೋಪಿ, ಬೋಳುತಲೆಗಳ ಹಿಂಭಾಗ ನೋಡುತ್ತಿರುತ್ತೇನೆ. ಯಾವ ತಲೆ ಹೊರಳುತ್ತದೆ ಎಂದು ಕಾಯುವುದೇ ನನ್ನ ಕೆಲಸ.

ಅಕ್ಕನ ವಿಷಯ ಹೇಳಬೇಕು. ಮಸರಕಲ್ ಕಡೆಯ ಹಳ್ಳಿ ನಮ್ಮದು. ಅವ್ವ, ಅಕ್ಕ, ನಾನು ಹತ್ತಿ ಬಿಡಿಸಲು ಹೋಗುತ್ತಿದ್ದೆವು. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಸಾಲಿನ ನಡುವೆ ನಿಂತು, ಕೈ ನಿಲ್ಲಿಸದೆ, ತಲೆ ಎತ್ತದೆ ಏನೋ ಹೇಳುತ್ತಿದ್ದಳು. ಎಡಬಲದ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ನಡುಗುತ್ತಿದ್ದರು. ಬದುವಿನ ಮೇಲೆ ಮೇಸ್ತ್ರಿ ನಿಂತಿರುತ್ತಿದ್ದ. ನಗು ಕೇಳಿದರೆ ಬೈಯುತ್ತಿದ್ದ. ಅದಕ್ಕೇ ಅಕ್ಕ ತನ್ನ ಹಾಸ್ಯವನ್ನೆಲ್ಲ ಮೆಲ್ಲಗಿನ ದನಿಯಲ್ಲಿ ಕಲಿತಳು. ಪಕ್ಕದ ಮೂರು ಸಾಲಿಗೆ ಕೇಳಬೇಕು, ಬದುವಿಗೆ ಕೇಳಬಾರದು.

ಒಂದು ದಿನ ಅವಳು ಬಸ್ಸಿನ ಕಂಡಕ್ಟರನ ಮತ್ತು ಕೋಳಿ ಹಿಡಿದ ಮುದುಕಿಯ ಜಗಳ ಹೇಳಿದಳು. ಕಂಡಕ್ಟರ್ ಕೋಳಿಗೂ ಟಿಕೆಟ್ ತಗೋ ಎನ್ನುತ್ತಾನೆ. ಮುದುಕಿ ಹೇಳುತ್ತಾಳೆ: "ಯಪ್ಪಾ, ಅದು ನಿನ್ನ ಸೀಟಿನ್ಯಾಗ ಕುಂತಿಲ್ಲ. ನನ್ನ ತೊಡಿ ಮ್ಯಾಲ ಕುಂತದ. ತೊಡಿ ಸರಕಾರದ್ದಲ್ಲ." ಇಷ್ಟೇ. ಆದರೆ ಆ ಮುದುಕಿಯ ಗಂಟಲು, ಕಂಡಕ್ಟರನ ಮೂಗು, ನಡುವೆ ಕೋಳಿ ಎರಡೂ ಕಡೆ ಕತ್ತು ತಿರುಗಿಸಿ ನ್ಯಾಯ ಕೇಳುವುದು, ಇವನ್ನೆಲ್ಲ ಅವಳು ಹತ್ತಿ ಬಿಡಿಸುತ್ತಲೇ, ಬರೀ ಕತ್ತು ಮತ್ತು ದನಿಯಲ್ಲಿ ತರುತ್ತಿದ್ದಳು. ನಾನು ಅವಳನ್ನು ನೋಡಿ ದಂಗಾಗಿ ನಿಲ್ಲುತ್ತಿದ್ದೆ. ಅವಳಿಗೆ ಯಾರೂ ಕಲಿಸಿರಲಿಲ್ಲ.

ಅಕ್ಕನನ್ನು ಮಾನ್ವಿಗೆ ಕೊಟ್ಟರು. ತುಂಬಿದ ಮನೆ. ಗಂಡ ಸಾಧು ಮನುಷ್ಯ, ಸಿರವಾರದ ಅಕ್ಕಿ ಮಿಲ್ಲಿಗೆ ದಿನಾ ಹೋಗಿ ಬರುತ್ತಾನೆ. ಮನೆಯ ಯಜಮಾನಿಕೆ ಗಂಡನ ಅಣ್ಣನದು. ಅಕ್ಕ ಅವರನ್ನು ಭಾವನವರು ಎನ್ನುತ್ತಾಳೆ, ನಾನೂ ಹಾಗೇ ಎನ್ನುತ್ತೇನೆ. ದೊಡ್ಡ ಮೀಸೆ, ಮಾತು ಕಡಿಮೆ, ಹೆಗಲ ಮೇಲೆ ಸದಾ ಒಂದು ಟವೆಲ್.

ಅಕ್ಕ ಸೇರಿದ್ದ ಹೆಂಗಸರ ಸಂಘದ ವಾರ್ಷಿಕ ಸಭೆಗೆ ನನ್ನನ್ನೇ ಮೈಕಿಗೆ ಕರೆಸಿದಳು. ಹಿಂದಿನ ದಿನ ಫೋನ್ ಮಾಡಿ ಹೇಳಿದಳು.

"ಲೇ ತಮ್ಮಾ, ನಾಳೆ ನನಗ ಮಾತಾಡು ಅಂತ ಗಂಟು ಬಿದ್ದಾರ. ಹತ್ತು ಮಿನಿಟು."

"ಏನ್ ಮಾತಾಡ್ತಿ ಅಕ್ಕಾ?"

"ಹೊಲದಾಗ ಮಾತಾಡ್ತಿದ್ನಲ್ಲ, ಅದನ್ನ. ನನ್ನ ದನಿ ಸಣ್ಣದದ, ನಿನಗ ಗೊತ್ತದ. ನೀ ಇರ್ತೀಯಂತ ಧೈರ್ಯ ಮಾಡೀನಿ."

ಮಧ್ಯಾಹ್ನದ ಊಟಕ್ಕೆ ಮೊದಲು ಅವಳ ಸರದಿ ಬಂತು. ಮುಂದಿನ ಸಾಲಿನಲ್ಲಿ ಊರಿನ ಹಿರಿಯರು, ಅವರ ನಡುವೆ ಭಾವನವರು. ಹಿಂದೆ, ಅಡುಗೆಯ ಕಡೆಯ ಬಾಗಿಲವರೆಗೆ, ಹೆಂಗಸರು. ಅಕ್ಕ ಮೈಕಿಗೆ ಬಾಯಿ ಹಚ್ಚಿ, ಗುಟ್ಟು ಹೇಳುವ ಹಾಗೆ ಶುರು ಮಾಡಿದಳು.

"ನಮ್ಮ ಮನಿಯಾಗ ನೀರಿನ ತಂಬಿಗಿ ಗಂಡಸರ ಮೊಣಕಾಲಿಗೆ ಹತ್ತಿ ಇರ್ತದ. ನಾ ಹಿತ್ತಲದಾಗ ಇರ್ತೀನಿ. 'ನೀರು' ಅಂತಾರ. ನಾ ಹಿತ್ತಲದಿಂದ ಬಂದು, ತಂಬಿಗಿ ಎತ್ತಿ, ಮತ್ತ ಅದ ಜಾಗದಾಗ ಇಡ್ತೀನಿ. 'ಹಾಂ, ಈಗ ಬಂತು ನೋಡು ನೀರು' ಅಂತಾರ."

ಹಿಂದಿನಿಂದ ನಗು ಎದ್ದು ಬಂದ ರೀತಿ ನನಗೆ ಇವತ್ತಿಗೂ ನೆನಪಿದೆ. ನನ್ನ ಹಾರನ್ನುಗಳಿಗಿಂತ ದೊಡ್ಡ ಸದ್ದು.

"ಹೆಗಲ ಮ್ಯಾಲ ಟವೆಲ್ ಇರ್ತದ. 'ಟವೆಲ್ ಎಲ್ಲದ?' ಅಂತಾರ. 'ಹೆಗಲ ಮ್ಯಾಲದ ರೀ' ಅಂದ್ರ, 'ಯಾರ ಹೆಗಲ ಮ್ಯಾಲ?' ಅಂತಾರ."

ಹೆಂಗಸರ ಕಣ್ಣು ಒಮ್ಮೆಗೇ ಮುಂದಿನ ಸಾಲಿಗೆ ಬಂತು. ಭಾವನವರ ಹೆಗಲ ಮೇಲೆ ಟವೆಲ್ ಇತ್ತು. ಅಷ್ಟರಲ್ಲಿ ಭಾವನವರು ಪೂರ್ತಿ ಹೊರಳಿ ನನ್ನ ಕಡೆ ನೋಡಿದರು. ಹುಬ್ಬು ಗಂಟಿಕ್ಕಿತ್ತು. ಏನೂ ಅನ್ನಲಿಲ್ಲ, ನೋಡಿದರು ಅಷ್ಟೇ.

ನನ್ನ ಕೈ ತಾನಾಗಿಯೇ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನಾನು ಯೋಚನೆ ಮಾಡಿಯೇ ಇಳಿಸಿದೆ. ಸ್ವಲ್ಪ ಇಳಿಸಿ ಭಾವನವರ ತಲೆ ನೋಡಿದೆ. ಅವರು ಮತ್ತೆ ಹೊರಳಿದರು. ಇನ್ನೂ ಸ್ವಲ್ಪ ಇಳಿಸಿದೆ.

ಹಿಂದಿನಿಂದ ಕೂಗು ಬಂತು. "ಕೇಳವಲ್ದು ಬೇ! ಜೋರಾಗಿ ಮಾತಾಡವ್ವಾ!"

ಅಕ್ಕ ದನಿ ಎತ್ತಿದಳು. ಮೆಲ್ಲಗೆ ಹೇಳಿದರೆ ನಗು ಬರುವ ಮಾತುಗಳು, ಕೂಗಿ ಹೇಳಿದಾಗ ಬೈಗುಳದಂತೆ ಕೇಳಿದವು. ಯಾರೂ ನಗಲಿಲ್ಲ. ಅವಳು ಇನ್ನೂ ಜೋರಾಗಿ ಕೂಗಿದಳು, ಗಂಟಲು ಒಡೆಯಿತು. ಒಮ್ಮೆ ನನ್ನ ಕಡೆ ನೋಡಿದಳು. ನಾನು ಬಗ್ಗಿ ವೈರು ಸರಿ ಮಾಡುವವನ ಹಾಗೆ ಮಾಡಿದೆ. ಮಾತು ಅರ್ಧಕ್ಕೆ ಬಿಟ್ಟು, ಕೈಮುಗಿದು ಇಳಿದುಬಿಟ್ಟಳು.

ಊಟದ ಹೊತ್ತಿಗೆ ನನ್ನ ಹತ್ತಿರ ಬಂದಳು. "ನನ್ನ ದನಿ ಇಷ್ಟ ನೋಡಲೇ. ಹೊಲದಾಗ ನಡೀತದ. ಮಂಟಪದಾಗ ನಡ್ಯಂಗಿಲ್ಲ."

ಆಗಲಾದರೂ ಹೇಳಬಹುದಿತ್ತು. "ಹೌದಕ್ಕಾ, ಜರಾ ಸಣ್ಣದಾತು" ಎಂದೆ.

ಆಮೇಲೆ ಅವಳು ಯಾವ ಸಭೆಯಲ್ಲಿಯೂ ಎದ್ದು ನಿಲ್ಲಲಿಲ್ಲ. ಕುಬುಸದ ಮನೆಗಳಲ್ಲಿ ಹೆಂಗಸರು ಸುತ್ತುಗಟ್ಟಿ ಕೇಳಿದರೂ ಬೇರೆಯವರ ಕೈ ಹಿಡಿದು ಮುಂದೆ ದಬ್ಬುತ್ತಿದ್ದಳು. ಒಂದು ವರ್ಷ ಟಿವಿಯ ಹಾಸ್ಯದ ಕಾರ್ಯಕ್ರಮಕ್ಕೆ ರಾಯಚೂರಿನಲ್ಲಿ ಹೆಂಗಸರನ್ನು ಆರಿಸುತ್ತಾರೆ ಎಂದು ಸುದ್ದಿ ಬಂತು. ಸಂಘದವರು ಅವಳ ಹೆಸರು ಕೊಡಲು ಹೋದರೆ, "ಬ್ಯಾಡ್ರವ್ವಾ, ನನಗ ದನಿ ಇಲ್ಲ" ಎಂದಳಂತೆ. ಅದನ್ನು ಅವಳೇ ನನಗೆ ಫೋನಿನಲ್ಲಿ ನಗುತ್ತ ಹೇಳಿದಳು. ನಾನೂ ನಕ್ಕೆ.

ಹೋದ ಚಳಿಗಾಲದಲ್ಲಿ ರಾಯಚೂರಿನಿಂದ ನನಗೊಂದು ಕರೆ ಬಂತು. ಮದುವೆಯ ದಿನಗಳು, ಅಲ್ಲಿಯ ಮೈಕಿನವರೆಲ್ಲ ಬುಕ್ಕಾಗಿದ್ದರು. ಕಾಲೇಜಿನ ಮಕ್ಕಳಿಗಾಗಿ ಒಬ್ಬ ಮೇಡಂ ಎರಡು ದಿನ ಮಾತಾಡುತ್ತಾರೆ, ಗೋಡೆಯ ಮೇಲೆ ಚಿತ್ರ ತೋರಿಸುತ್ತಾರೆ, ಸೌಂಡ್ ಬೇಕು ಎಂದರು. ವಿಷಯ ಏನೆಂದರೆ ಅಮೆರಿಕದ ಹಾಸ್ಯ, ಅದು ರಂಗಸ್ಥಳದಿಂದ ಟಿವಿಗೆ ಬಂದ ಬಗೆ. ಎರಡು ದಿನ ತೂಕಡಿಸಬಹುದು ಎಂದುಕೊಂಡು ಹೋದೆ.

ತೂಕಡಿಸಲಿಲ್ಲ. ಜೀವನದಲ್ಲಿ ಮೊದಲ ಸಲ ಮುಂದಿನ ಸಾಲು ನೋಡುವುದನ್ನು ಮರೆತು, ಮಾತಾಡುವವರನ್ನೇ ನೋಡಿದೆ.

ಮೇಡಂ ಹೇಳಿದ್ದು ನನಗೆ ತಿಳಿದಷ್ಟು ಬರೆಯುತ್ತೇನೆ. ಟಿವಿ, ಸಿನೆಮಾ ಏನೂ ಇಲ್ಲದ ಕಾಲದಲ್ಲಿ ಅಲ್ಲಿ ಊರೂರಿಗೆ ನಾಟಕದ ಮಂದಿರಗಳಿದ್ದವಂತೆ. ಒಂದೇ ಆಟದಲ್ಲಿ ಹಾಡು, ಕುಣಿತ, ದೊಂಬರಾಟ, ನಾಯಿ ಆಡಿಸುವುದು, ಜಾದೂ, ನಡುವೆ ಹಾಸ್ಯ. ಹಾಸ್ಯದವನಿಗೆ ಸಿಗುವುದು ಹತ್ತು ಹದಿನೈದು ನಿಮಿಷ. ಅದನ್ನೇ ಹಿಡಿದುಕೊಂಡು ರೈಲಿನಲ್ಲಿ ಊರಿಂದ ಊರಿಗೆ ಹೋಗುತ್ತ, ವರ್ಷಗಟ್ಟಲೆ ಅದನ್ನೇ ಮಾಡುತ್ತಿದ್ದರಂತೆ. ಈ ಊರಲ್ಲಿ ಒಂದು ಮಾತು ತೆಗೆದು ನೋಡುವುದು, ಮುಂದಿನ ಊರಲ್ಲಿ ಒಂದು ಕ್ಷಣ ಹೆಚ್ಚು ಸುಮ್ಮನಿದ್ದು ನೋಡುವುದು. ಹತ್ತು ನಿಮಿಷಕ್ಕೆ ಹತ್ತು ವರ್ಷ ಸಾಣೆ ಹಿಡಿಯುವುದು! ನೋಡಲು ಬಂದವರಲ್ಲಿ ಎಷ್ಟೋ ಜನ ಬೇರೆ ಬೇರೆ ದೇಶದಿಂದ ಹೊಟ್ಟೆಪಾಡಿಗೆ ಬಂದವರು, ಅಲ್ಲಿಯ ಭಾಷೆ ಬಾರದವರು. ಅವರಿಗಾಗಿ ಬಿದ್ದು, ಎದ್ದು, ಮತ್ತೆ ಬೀಳುತ್ತಿದ್ದರಂತೆ.

ಎಲ್ಲವೂ ಚಂದವಿರಲಿಲ್ಲ. ಬಿಳಿಯರು ಮುಖಕ್ಕೆ ಕಪ್ಪು ಬಳಿದುಕೊಂಡು ಕರಿಯರನ್ನು ಅಣಕಿಸುತ್ತಿದ್ದರು, ಕರಿಯ ಕಲಾವಿದರೂ ಹೊಟ್ಟೆಗಾಗಿ ಅದನ್ನೇ ಬಳಿದುಕೊಳ್ಳಬೇಕಾಗಿತ್ತು. ಆ ಚಿತ್ರ ಬಂದಾಗ ಯಾರೋ ಹುಡುಗರು ನಕ್ಕರು. ಹುಡುಗರು ಸುಮ್ಮನಾಗುವವರೆಗೆ ಮೇಡಂ ಕಾದು, "ಇದನ್ನ ನಗಲಿಕ್ಕೆ ತೋರಿಸಿಲ್ಲರೀ" ಎಂದರು. ನಾಟಕ ಮಂದಿರದ ಯಜಮಾನರು ಪರದೆಯ ಹಿಂದೆ ಆಡಬಾರದ ಮಾತುಗಳ ಪಟ್ಟಿ ಅಂಟಿಸುತ್ತಿದ್ದರಂತೆ. ಮೊದಲ ಆಟದಲ್ಲಿ ಕೂತು, ಬೇಡವಾದ ಮಾತನ್ನು ಅಂದೇ ಕತ್ತರಿಸುತ್ತಿದ್ದರಂತೆ. ಅದನ್ನು ಕೇಳಿದಾಗ ನನ್ನ ಕೈ ಆಂಪ್ಲಿಫೈಯರಿನ ಮೇಲೆ ಇತ್ತು. ತೆಗೆದುಬಿಟ್ಟೆ.

ಆಮೇಲೆ ಮೈಕಿನ ಮಾತು ಬಂತು. ಅಲ್ಲಿಯವರೆಗೆ ಹಾಸ್ಯದವನು ಮೇಲಿನ ಗ್ಯಾಲರಿಯ ಕೊನೆಯ ಬಡವನಿಗೂ ಕೇಳುವ ಹಾಗೆ ಕೂಗಬೇಕಾಗಿತ್ತು. ಮೈಕು ಬಂದಿತು, ರೇಡಿಯೋ ಬಂದಿತು. ಕೂಗುವವರ ಕಾಲ ಹಿಂದಾಯಿತು. ಪಿಸುಮಾತಿನವರೂ ಊರನ್ನೆಲ್ಲ ನಗಿಸುವಂತಾಯಿತು. ರೇಡಿಯೋದಲ್ಲಿ ಒಬ್ಬ ಕಲಾವಿದ ಏನೂ ಮಾತಾಡದೆ ಸುಮ್ಮನಿದ್ದರೂ ಜನ ಮನೆಗಳಲ್ಲಿ ಕುಂತು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರಂತೆ. ಇಪ್ಪತ್ತು ವರ್ಷದಿಂದ ಮೈಕು ಹೊತ್ತಿದ್ದೇನೆ. ಅದು ದನಿಯನ್ನು ದೊಡ್ಡದು ಮಾಡುವ ಸಾಮಾನು ಎಂದಷ್ಟೇ ತಿಳಿದಿದ್ದೆ. ಸಣ್ಣ ದನಿ ಸಣ್ಣದಾಗಿಯೇ ಇದ್ದುಕೊಂಡು ದೂರ ಹೋಗಲಿ ಎಂದು ಅದು ಇರುವುದು ಎಂದು ನನಗೆ ಹೊಳೆದಿರಲಿಲ್ಲ.

ಎರಡನೆಯ ದಿನ ಟಿವಿ. ರಂಗಸ್ಥಳದಲ್ಲಿ ಹತ್ತು ವರ್ಷ ನಡೆದ ಹಾಸ್ಯವನ್ನು ಟಿವಿ ಒಂದೇ ಸಂಜೆಗೆ ನುಂಗಿ, ಮುಂದಿನ ವಾರಕ್ಕೆ ಹೊಸದು ಕೊಡು ಎನ್ನುತ್ತಿತ್ತಂತೆ. ಒಬ್ಬ ಹೆಂಗಸು ಮನೆಗೆಲಸದ, ಅಡುಗೆಯ, ಗಂಡನ ಕಥೆಯನ್ನೇ ಆಡಿ ದೇಶವನ್ನೆಲ್ಲ ನಗಿಸಿದಳಂತೆ. ಎದುರಿಗೆ ನಿಜವಾದ ಜನ ಕುಂತಿರುತ್ತಿದ್ದರು, ಮೂರು ಕ್ಯಾಮೆರಾ ಒಟ್ಟಿಗೆ ಓಡುತ್ತಿದ್ದವು. ಆಕೆ ಬಸುರಿಯಾದಾಗ ಹೊಟ್ಟೆ ತೋರಿಸಬಹುದಿತ್ತು, ಆದರೆ ಬಸುರಿ ಎಂಬ ಮಾತನ್ನು ಟಿವಿಯಲ್ಲಿ ಆಡುವ ಹಾಗಿರಲಿಲ್ಲವಂತೆ. ಕಪ್ಪು ಬಿಳುಪಿನ ಚಿತ್ರದಲ್ಲಿ ಆಕೆ ಕಣ್ಣು ಅಗಲ ಮಾಡಿದ್ದನ್ನು ನೋಡಿ ನನಗೆ ಹತ್ತಿಯ ಸಾಲಿನಲ್ಲಿ ಅಕ್ಕ ಆಡಿ ತೋರಿಸಿದ ಕೋಳಿ ನೆನಪಾಯಿತು. ಮಾತು ತಿಳಿಯದಿದ್ದರೂ ನಕ್ಕೆ. ನಗುತ್ತಲೇ ಕಣ್ಣು ಒದ್ದೆಯಾದವು.

ಕೊನೆಗೆ ಮೇಡಂ ಒಂದು ಪೆಟ್ಟಿಗೆಯ ಕಥೆ ಹೇಳಿದರು. ಜನರಿಲ್ಲದೆ ತೆಗೆದ ಹಾಸ್ಯಕ್ಕೆ ನಗು ಸೇರಿಸಲು ಒಬ್ಬ ಸೌಂಡಿನವನು ಒಂದು ಯಂತ್ರ ಕಟ್ಟಿದ್ದನಂತೆ. ಎಂದೋ, ಎಲ್ಲೋ ಜನ ನಕ್ಕ ನಗುವನ್ನೆಲ್ಲ ಅದರಲ್ಲಿ ತುಂಬಿದ್ದನಂತೆ. ಹಾರ್ಮೋನಿಯಮ್ಮಿನ ಹಾಗೆ ಒತ್ತುವ ಮನೆಗಳು. ಒಂದು ಒತ್ತಿದರೆ ಮುಸಿನಗು, ಒಂದು ಒತ್ತಿದರೆ ಗಂಡಸಿನ ಗಹಗಹ, ಒಂದು ಒತ್ತಿದರೆ ಮಂದಿಯೆಲ್ಲ ಒಟ್ಟಿಗೆ. ಪೆಟ್ಟಿಗೆಗೆ ಬೀಗ ಹಾಕಿಕೊಂಡು ತಿರುಗುತ್ತಿದ್ದನಂತೆ. ನಕ್ಕವರು ಸತ್ತು ಹೋದ ಮೇಲೂ ಅವರ ನಗು ಟಿವಿಯಲ್ಲಿ ನಗುತ್ತಲೇ ಇತ್ತಂತೆ. ಅವನೂ ನನ್ನ ಕಸುಬಿನವನೇ.

ಸಭೆ ಮುಗಿದು ವೈರು ಸುತ್ತುವಾಗ ಮೇಡಂ ಹತ್ತಿರ ಹೋದೆ.

"ಮೇಡಮ್ಮರೀ, ಒಂದು ಮಾತು ಕೇಳ್ಲೇನ್ರಿ? ಆ ಪೆಟ್ಟಿಗಿಯಾಂವಗ ನಗಿ ಹೆಚ್ಚು ಮಾಡಾಕಷ್ಟ ಬರ್ತಿತ್ತೋ, ಕಡಿಮಿ ಮಾಡಾಕೂ ಬರ್ತಿತ್ತೋ?"

"ಭಾಳ ಚಲೋ ಕೇಳಿದ್ರಿ ನೋಡ್ರಿ," ಎಂದು ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕಡಿಮಿನೂ ಮಾಡ್ತಿದ್ದರಂತ. ಖರೇ ಜನ ಖರೇ ನಕ್ಕಿದ್ದನ್ನೂ ಇಳಿಸ್ತಿದ್ರಂತ, ಭಾಳ ಆತು ಅನಿಸಿದ್ರ."

"ಮತ್ತ ನಗಿಸಿದಾವರಿಗೆ ಅದು ಗೊತ್ತಾಗ್ತಿತ್ತೇನ್ರಿ?"

"ಹೆಂಗ ಗೊತ್ತಾಗಬೇಕ್ರಿ? ಸೌಂಡಿನಾವರು ಹೇಳಿದ್ರಷ್ಟ ಗೊತ್ತು."

ಮೇಡಂ ಚಹಾಕ್ಕೆ ಕರೆದರು. ನಾನು ನಿಲ್ಲಲಿಲ್ಲ. ಸೆಟ್ಟನ್ನು ಟಾಟಾ ಏಸ್ ಗಾಡಿಗೆ ಏರಿಸಿ, ದೇವದುರ್ಗದ ಹಾದಿ ಬಿಟ್ಟು ಮಾನ್ವಿಯ ಹಾದಿ ಹಿಡಿದೆ.

ಮನೆಯ ಮುಂದಿನ ಕಟ್ಟೆಯ ಮೇಲೆ ಭಾವನವರು ಕುಂತಿದ್ದರು. ವಯಸ್ಸಾಗಿದೆ, ಈಗ ಕಿವಿಗೆ ಮಿಷನ್ ಹಾಕಿಕೊಂಡಿದ್ದಾರೆ. ನನ್ನ ಗಾಡಿಯ ಮೇಲಿನ ಹಾರನ್ನು ನೋಡಿ ಬಾಯಿ ತೆರೆದು ನಕ್ಕರು.

"ಬಾರಪ್ಪಾ ಬಾ. ಏನು, ಇಲ್ಲೇ ಊದಾಕ ತಂದಿಯೇನು? ಈಗ ಊದಿದ್ರ ಕೇಳಸ್ತದ ನೋಡು. ಈ ಮಿಷನ್ ಭಾಳ ಚಲೋ ಅದ. ಇದು ಆವಾಗ ಇದ್ದಿದ್ರ, ನಿಮ್ಮಕ್ಕ ಮಂಟಪದಾಗ ಮಾತಾಡಿದ್ದು ಕೇಳಸ್ತಿತ್ತು. ಮಂದಿ ಎಲ್ಲಾ ನಗಾಕತ್ತಿದ್ರು, ನನಗ ಒಂದಕ್ಷರ ಕೇಳಸ್ಲಿಲ್ಲ. ಜರಾ ಹೆಚ್ಚು ಮಾಡಲಿ ಅಂತ ಎರಡು ಸರ್ತಿ ಹೊಳ್ಳಿ ನಿನ್ನ ಕಡಿ ನೋಡಿದೆ. ನೀ ನೋಡಿದ್ರ ಏನೂ ಮಾಡ್ಲಿಲ್ಲ."

ಎಂಟು ವರ್ಷ ನನ್ನ ತಪ್ಪಿಗೆ ನಾನು ಒಂದು ನೆವ ಇಟ್ಟುಕೊಂಡಿದ್ದೆ. ಆ ಮನೆಯಲ್ಲಿ ಬಾಳಬೇಕಾದ ಅಕ್ಕನಿಗೆ ಹಿರಿಯರ ಸಿಟ್ಟು ತಾಕದಿರಲಿ ಎಂದು ಇಳಿಸಿದೆ, ಒಳ್ಳೆಯದಕ್ಕೇ ಇಳಿಸಿದೆ ಎಂಬ ನೆವ. ಅಲ್ಲಿ ಸಿಟ್ಟೇ ಇರಲಿಲ್ಲ. ಒಬ್ಬ ಕಿವಿ ಮಂದವಾದ ಮನುಷ್ಯ ತನ್ನ ತಮ್ಮನ ಹೆಂಡತಿಯ ಮಾತು ಕೇಳಬೇಕೆಂದು ನನ್ನ ಕಡೆ ನೋಡಿದ್ದ.

ಒಳಗೆ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ನನ್ನ ಮುಖ ನೋಡಿ, "ಯಾಕಲೇ, ಗಾಡಿ ಎಲ್ಲ್ಯರ ಗುದ್ದಿದ್ಯೇನು?" ಎಂದಳು. ಇಲ್ಲ ಎಂದೆ. ಏನು ಹೇಳಲು ಬಂದಿದ್ದೆನೋ ಅದು ಬಾಯಿಗೆ ಬಾರದೆ, ಅಮೆರಿಕದ ಕಥೆ ಶುರು ಮಾಡಿದೆ. ರೈಲಿನಲ್ಲಿ ತಿರುಗುವವರು, ಹತ್ತು ನಿಮಿಷ, ಪಿಸುಮಾತು, ಬಸುರಿ ಎನ್ನಬಾರದು ಎಂದದ್ದು, ಕೊನೆಗೆ ಪೆಟ್ಟಿಗೆ. ಅವಳ ಕೈ ನಿಧಾನವಾಯಿತು.

"ನಗೀನ ಡಬ್ಬಿದಾಗ ಹಾಕಿಟ್ಟಿದ್ರಾ? ಉಪ್ಪಿನಕಾಯಿ ಇಟ್ಟಂಗ?"

"ಹಂಗ ಅನ್ನು."

"ಮತ್ತ ಬೂಷ್ಟು ಹಿಡೀಲಿಲ್ಲೇನಲೇ?"

ಇಬ್ಬರೂ ನಕ್ಕೆವು. ಅವಳ ಹಾಗೆ ಹೇಳಲು ಆ ದೇಶದವರಿಗೂ ಬರುತ್ತಿತ್ತೋ ಇಲ್ಲವೋ. ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, "ಆ ಅಡಗಿಮನಿ ಹೆಣ್ಮಗಳದ್ದು ದೊಡ್ಡ ದನಿ ಇದ್ದೀತು ಬಿಡು," ಎಂದಳು. "ನಂದು ನೋಡು, ಬೇಕಾದಾಗ ಕೈ ಕೊಟ್ಟುಬಿಡ್ತು."

"ನಿನ್ನ ದನಿ ಕೈ ಕೊಡಲಿಲ್ಲಕ್ಕಾ. ನಾ ಇಳಿಸಿದೆ."

"ಏನಂದಿ?"

"ಆವತ್ತು ಮೈಕು. ನಾನ ಇಳಿಸಿದೆ. ಸ್ವಲ್ಪ ಸ್ವಲ್ಪ. ನಿಮ್ಮ ಭಾವನವರು ಹೊಳ್ಳಿ ನೋಡಿದ್ರು, ಸಿಟ್ಟಾಗ್ಯಾರಂತ ತಿಳಕೊಂಡೆ."

ರೊಟ್ಟಿಯನ್ನು ಒಲೆಯ ಬದಿಗೆ ಆನಿಸಿ ಇಟ್ಟಳು. ಇನ್ನೊಂದು ಹಿಟ್ಟಿನ ಮುದ್ದೆ ಕೈಗೆ ತಗೊಂಡಳು, ಬಡಿಯಲಿಲ್ಲ.

"ನನ್ನ ಸಲುವಾಗಿ ಅಂಜಿದ್ಯೋ, ನಿನ್ನ ಸಲುವಾಗಿ ಅಂಜಿದ್ಯೋ?"

"ನನ್ನ ಸಲುವಾಗಿ," ಎಂದೆ. ಹಾಗೆ ಹೇಳುವವರೆಗೆ ಅದು ನನಗೂ ಗೊತ್ತಿರಲಿಲ್ಲ. "ಮುಂದಿನ ಸಾಲಿನಾವರು ನಾಳೆ ನನ್ನ ಕರೀಲಿಕ್ಕಿಲ್ಲ ಅಂತ."

ಅವಳು ಹಿಟ್ಟು ನೋಡುತ್ತಲೇ ಮಾತಾಡಿದಳು, ಅದೇ ಸಣ್ಣ ದನಿಯಲ್ಲಿ. "ಮುಂಜಾನಿ ಎಮ್ಮಿ ಹಿಂಡಾಕ ಹೋದಾಗ ನನ್ನಷ್ಟಕ್ಕ ನಾ ಮಾತಾಡಿ ನೋಡ್ತಿದ್ದೆ, ದನಿ ಎಷ್ಟು ದೂರ ಹೋಗ್ತದ ಅಂತ. ಆಚಿ ಗ್ವಾಡಿ ತನಕ ಹೋಗ್ತಿತ್ತು. ಆದರೂ ಖಾತ್ರಿ ಆಗ್ತಿರಲಿಲ್ಲ." ಹಿಟ್ಟಿನ ಮುದ್ದೆ ಹೊರಳಿಸಿ, "ಎಮ್ಮಿ ಒಂದು ದಿನಾನೂ ನಗಲಿಲ್ಲ ನೋಡು," ಎಂದಳು.

ಆ ಮಾತಿಗೆ ನಗು ಬಂತು. ನಗಲು ನನಗೆ ಹಕ್ಕಿರಲಿಲ್ಲ. ಎದೆಯಲ್ಲಿ ಅಷ್ಟು ನೋವಿಟ್ಟುಕೊಂಡು, ಅದನ್ನು ಕೊಟ್ಟವನ ಮುಂದೆ ಕುಂತು, ಹೀಗೊಂದು ಮಾತು ಹುಟ್ಟಿಸುತ್ತಾಳಲ್ಲ ಎಂದು ಬೆರಗಾಗಿ ಅವಳನ್ನೇ ನೋಡಿದೆ. ನಮ್ಮ ಮನೆಗಳಲ್ಲಿ ಒಡಹುಟ್ಟಿದವರು ಒಬ್ಬರಿಗೊಬ್ಬರು ತಪ್ಪಾಯಿತು ಎನ್ನುವ ರೂಢಿಯಿಲ್ಲ. ಜಗಳವಾದರೆ ಎರಡು ದಿನ ಬಿಟ್ಟು ಮನೆಗೆ ಬಂದು ಸುಮ್ಮನೆ ಊಟಕ್ಕೆ ಕೂರುತ್ತೇವೆ, ಅದರಲ್ಲೇ ಎಲ್ಲ ಮುಗಿಯುತ್ತದೆ. ನಾನೂ ಎಂಟು ವರ್ಷ ಹಾಗೆಯೇ ಬಂದು ಊಟಕ್ಕೆ ಕುಂತಿದ್ದೆ. ಈ ಸಲ ಅವಳ ಎದುರಿಗೆ ನೆಲದ ಮೇಲೆ ಕುಂತು, ಕಟ್ಟೆಯ ಮೇಲಿನ ಭಾವನವರಿಗೂ ಕೇಳುವ ಹಾಗೆ ಹೇಳಿದೆ:

"ತಪ್ಪಾತು ಅಕ್ಕಾ. ನಿನ್ನ ದನಿಗಿ ಏನೂ ಆಗಿರಲಿಲ್ಲ. ನಾ ಇಳಿಸಿದೆ, ಇಳಿಸಿ ನೀನ ಸಣ್ಣಾಕಿ ಅಂತ ನಿನಗ ಅನಿಸೋಹಂಗ ಮಾಡಿದೆ. ನನ್ನ ತಪ್ಪು ಅದು. ಕ್ಷಮಿಸು."